ಬ್ಯಾಟರಿಗಳ ಇಂಗಾಲದ ಲೆಕ್ಕ: ಒಂದು ಪರಿಭಾಷಾವಿಚಾರ

ಯಂತ್ರಾಲಯದಲ್ಲಿ ನಿರ್ಮಿತವಾದ ವಸ್ತುವು ಪರಿಸರಕ್ಕೆ ಎಷ್ಟು ಬಾಧೆಯನ್ನುಂಟುಮಾಡುವುದೆಂಬುದನ್ನು ಅದರ ನಿರ್ಮಾತೃವೇ ಲೆಕ್ಕಹಾಕಿ ಪ್ರಕಟಿಸಬೇಕೆಂಬ ವಿಧಿಗಳು ಈಚೆಗೆ ಯೂರೋಪಿನಲ್ಲಿ ಏರ್ಪಡುತ್ತಿವೆ. ಇವು ವರ್ತಕರಿಗೆ ಮಾತ್ರ ಸಂಬಂಧಪಟ್ಟುವೆಂದು ಮೇಲುನೋಟಕ್ಕೆ ತೋರಬಹುದಾದರೂ, ಇವುಗಳ ಮೂಲದಲ್ಲಿರುವ ಪ್ರಶ್ನೆಯು ಶಬ್ದಾರ್ಥವಿಚಾರಕ್ಕೆ ಸೇರಿದುದೇ ಆಗಿದೆ. ಒಂದು ಸಂಖ್ಯೆಯನ್ನು ಹೇಳಿದಾಗ ಅದು ಯಾವುದನ್ನು ಅಳೆಯುತ್ತದೆ, ಎಲ್ಲಿಂದ ಎಲ್ಲಿಯವರೆಗಿನದು, ಅದಕ್ಕೆ ಪ್ರಮಾಣವೇನು ಎಂಬೀ ಮೂರೂ ನಿಶ್ಚಿತವಾಗದಿದ್ದರೆ ಆ ಸಂಖ್ಯೆಯು ನಿರರ್ಥಕವಾಗುತ್ತದೆ. ಐರೋಪ್ಯ ಒಕ್ಕೂಟವು ೨೦೨೩ನೆಯ ಇಸವಿಯಲ್ಲಿ ಅಂಗೀಕರಿಸಿದ ಬ್ಯಾಟರಿ ಶಾಸನವು ಇದಕ್ಕೆ ಉತ್ತಮ ನಿದರ್ಶನ.

ಈ ಶಾಸನವು ೨೦೨೩ನೆಯ ಆಗಸ್ಟ್ ೧೭ರಂದು ಜಾರಿಗೆ ಬಂದು, ೨೦೨೪ನೆಯ ಫೆಬ್ರವರಿ ೧೮ರಿಂದ ಅನ್ವಯಿಸತೊಡಗಿತು. ವಿದ್ಯುದ್ವಾಹನಗಳ ಬ್ಯಾಟರಿಯೇ ಮೊದಲಾದುವಕ್ಕೆ ಇದು ಮೂರು ಮೆಟ್ಟಿಲುಗಳನ್ನು ವಿಧಿಸಿದೆ. ಮೊದಲನೆಯದು ಇಂಗಾಲದ ಹೆಜ್ಜೆಗುರುತಿನ ನಿವೇದನೆ. ಎರಡನೆಯದು ಆ ಸಂಖ್ಯೆಗೆ ಅನುಸಾರವಾಗಿ ವರ್ಗೀಕರಣ. ಮೂರನೆಯದು ಗರಿಷ್ಠ ಮಿತಿ. ಈ ಮಿತಿಯನ್ನು ಮೀರಿದುದಕ್ಕೆ ಆ ಮಾರುಕಟ್ಟೆಯಲ್ಲಿ ಎಡೆಯಿಲ್ಲ. ಬ್ಯಾಟರಿಯು ಯಾವ ದೇಶದಲ್ಲಿ ತಯಾರಾಗಿದ್ದರೂ ಒಕ್ಕೂಟದಲ್ಲಿ ಮಾರಾಟಕ್ಕೆ ಬಂದರೆ ಈ ವಿಧಿಗೆ ಒಳಪಟ್ಟದ್ದೇ. ಆದುದರಿಂದ ಲೆಕ್ಕದಲ್ಲಿಯ ಅಸ್ಪಷ್ಟತೆಯು ದೂರದೇಶದ ಕೆಲಸಗಾರನ ಜೀವನೋಪಾಯವನ್ನೂ ಮುಟ್ಟಬಹುದಾಗಿದೆ.

ಮೊದಲು ‘ಹೆಜ್ಜೆಗುರುತು’ ಎಂಬ ಪದವನ್ನು ವಿಚಾರಿಸಬೇಕು. ಇಲ್ಲಿ ಮುಖ್ಯಾರ್ಥವು ಬಾಧಿತವಾಗಿ ಲಕ್ಷಣೆಯಿಂದಲೇ ಅರ್ಥವು ಹೊರಡುತ್ತದೆ. ನೆಲದ ಮೇಲಣ ಹೆಜ್ಜೆಯು ಪ್ರತ್ಯಕ್ಷಗೋಚರ. ಇದಾದರೋ ಗಣಿತದಿಂದ ಊಹ್ಯ. ಗಣಿ, ಕುಲುಮೆ, ಹಡಗು ಮೊದಲಾದೆಡೆಗಳಲ್ಲಿ ಹೊರಬಿದ್ದ ಅನಿಲಗಳನ್ನು ಇಂಗಾಲದ ಡೈಆಕ್ಸೈಡಿನ ತೂಕಕ್ಕೆ ಸಮೀಕರಿಸಿ ಕೂಡಿದ ಮೊತ್ತವೇ ಈ ಗುರುತು. ಕಣ್ಣಿಗೆ ಕಾಣದುದಕ್ಕೆ ಕಾಣುವ ವಸ್ತುವಿನ ಹೆಸರಿಟ್ಟುದರಿಂದ, ಅದು ಸ್ವಯಂಸಿದ್ಧವೆಂಬ ಭ್ರಾಂತಿಯು ಹುಟ್ಟುವುದುಂಟು.

ಎರಡನೆಯದು ಮಾನ. ಶಾಸನವು ಬ್ಯಾಟರಿಯ ತೂಕವನ್ನಾಗಲಿ ಗಾತ್ರವನ್ನಾಗಲಿ ಮಾನವಾಗಿ ಸ್ವೀಕರಿಸದೆ, ಅದು ತನ್ನ ಆಯುಷ್ಯದಲ್ಲೆಲ್ಲಾ ಒದಗಿಸುವ ಶಕ್ತಿಯಲ್ಲಿ ಒಂದು ಕಿಲೋವಾಟ್‌ಗಂಟೆಯನ್ನು ಸ್ವೀಕರಿಸಿದೆ. ಇದರ ಔಚಿತ್ಯವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ‘ಕ’ ಎಂಬ ಬ್ಯಾಟರಿಯ ಒಟ್ಟು ಭಾರ ೬,೦೦೦ ಕಿಲೋಗ್ರಾಂ ಡೈಆಕ್ಸೈಡು, ‘ಖ’ ಎಂಬುದರದು ೪,೮೦೦ ಎಂದಿಟ್ಟುಕೊಂಡರೆ, ‘ಖ’ ಎಂಬುದೇ ಮೇಲೆಂದು ತೋರುವುದು. ಆದರೆ ‘ಕ’ ತನ್ನ ಆಯುಷ್ಯದಲ್ಲಿ ೬೦,೦೦೦ ಕಿಲೋವಾಟ್‌ಗಂಟೆಗಳನ್ನೂ ‘ಖ’ ೩೦,೦೦೦ವನ್ನೂ ಕೊಡುವುದಾದರೆ, ಒಂದೊಂದು ಮಾನಕ್ಕೆ ಮೊದಲನೆಯದರಲ್ಲಿ ೧೦೦ ಗ್ರಾಂ, ಎರಡನೆಯದರಲ್ಲಿ ೧೬೦ ಗ್ರಾಂ ಬೀಳುತ್ತದೆ. ಮಾನವು ಬದಲಾದೊಡನೆ ತೀರ್ಪೂ ಬದಲಾಯಿತು.

ಮೂರನೆಯದು ಅವಧಿ, ಎಂದರೆ ಲೆಕ್ಕದ ಎಲ್ಲೆ. ಕಚ್ಚಾಪದಾರ್ಥಗಳ ಸಂಗ್ರಹ ಮತ್ತು ಪೂರ್ವಸಂಸ್ಕಾರ, ಮುಖ್ಯನಿರ್ಮಾಣ, ಸಾಗಣೆ, ಆಯುಷ್ಯಾಂತ್ಯದ ಪುನಸ್ಸಂಸ್ಕರಣ ಎಂಬ ನಾಲ್ಕು ಘಟ್ಟಗಳು ಇದರಲ್ಲಿ ಸೇರಿವೆ. ಬಳಕೆಯ ಕಾಲವನ್ನು ಮಾತ್ರ ಸಾಮಾನ್ಯವಾಗಿ ಹೊರಗಿಡಲಾಗಿದೆ. ಕೊಂಡವನು ಹೇಗೆ ಬಳಸುವನೆಂಬುದು ನಿರ್ಮಾತೃವಿನ ಅಧೀನದಲ್ಲಿಲ್ಲವೆಂಬುದೇ ಇದಕ್ಕೆ ಹೇತು. ಕರ್ತೃತ್ವವಿಲ್ಲದೆಡೆಯಲ್ಲಿ ಹೊಣೆಯನ್ನು ಹೊರಿಸಬಾರದೆಂಬ ನ್ಯಾಯವು ಇಲ್ಲಿ ಸ್ಫುಟವಾಗಿದೆ.

ಕಡೆಯದಾದ ಪ್ರಮಾಣವಿಚಾರವೇ ಕಠಿನವಾದುದು. ನಿವೇದನೆಯು ಒಂದು ನಿರ್ದಿಷ್ಟ ಮಾದರಿಗೆ, ಒಂದು ನಿರ್ದಿಷ್ಟ ಕಾರ್ಖಾನೆಗೆ ಸಂಬಂಧಿಸಿದುದಾಗಿರಬೇಕು. ಬಳಸಿದ ವಸ್ತುಗಳ ಪಟ್ಟಿ ಅಥವಾ ವಿದ್ಯುತ್ತಿನ ಮೂಲಗಳ ಮಿಶ್ರಣ ಬದಲಾದರೆ ಲೆಕ್ಕವನ್ನು ಹೊಸದಾಗಿಯೇ ಮಾಡತಕ್ಕದ್ದು. ಗ್ರಂಥಸಂಪಾದನೆಯಲ್ಲಿ ಒಂದು ಮಾತೃಕೆಯ ಪಾಠವನ್ನು ಇನ್ನೊಂದರದೆಂದು ಹೇಳುವುದು ಹೇಗೆ ದೋಷವೋ, ಒಂದು ಕಾರ್ಖಾನೆಯ ಅಂಕಿಯನ್ನು ಇನ್ನೊಂದಕ್ಕೆ ಆರೋಪಿಸುವುದೂ ಹಾಗೆಯೇ ದೋಷ. ಧನಧ್ರುವದ ವಸ್ತುಗಳು ಒಟ್ಟು ಭಾರದಲ್ಲಿ ಮುಖ್ಯಪಾಲಾಗಬಹುದಾದುದರಿಂದ, ಅವುಗಳನ್ನು ವಿಶೇಷವಾಗಿ ವಿವರಿಸಬೇಕೆಂದು ಶಾಸನವು ಹೇಳುತ್ತದೆ.

ಇದರಿಂದ ಸಿದ್ಧತೆಯ ಸ್ವರೂಪವೂ ತಾನಾಗಿ ತಿಳಿಯುವುದು. ಗಡುವು ಸಮೀಪಿಸಿದಾಗ ಗಣಿತಜ್ಞನನ್ನು ಕರೆದು ಸಂಖ್ಯೆಯೊಂದನ್ನು ಪಡೆಯುವುದು ಸಿದ್ಧತೆಯಲ್ಲ. ಯಾವ ವಸ್ತು ಎಲ್ಲಿಂದ ಎಷ್ಟು ಬಂದಿತು, ಎಷ್ಟು ವಿದ್ಯುತ್ತು ವ್ಯಯವಾಯಿತು, ಎಷ್ಟು ವ್ಯರ್ಥವಾಯಿತು ಎಂಬುದನ್ನು ಆಯಾ ಸ್ಥಳದಲ್ಲಿ ಆಯಾ ದಿನವೇ ಬರೆದಿಡುವುದೇ ಸಿದ್ಧತೆ. ದೊಡ್ಡ ಸಂಸ್ಥೆಗೆ ಇದು ಸುಲಭ. ಅದಕ್ಕೆ ಬಿಡಿಭಾಗಗಳನ್ನೊದಗಿಸುವ ಸಣ್ಣ ಕಾರ್ಖಾನೆಗೆ ಕಷ್ಟ. ಆತನ ಕೆಲಸವು ನಿರ್ಮಲವಾಗಿದ್ದರೂ ದಾಖಲೆಯಿಲ್ಲದಿದ್ದರೆ ಅದನ್ನು ಸಾಧಿಸಿ ತೋರಿಸುವ ಬಗೆಯಿಲ್ಲ. ಆದುದರಿಂದ ಕೊಳ್ಳುವವನು ಅಂಕಿಗಳನ್ನು ಕೇಳುವುದಕ್ಕೆ ಮುಂಚೆ, ಅವನ್ನು ಬರೆದಿಡುವ ಕ್ರಮವನ್ನು ಒದಗಿಸುವವನಿಗೆ ತಿಳಿಸಿಕೊಡುವುದು ನ್ಯಾಯ್ಯ.

ಇದೇ ವಿವೇಕವು ಮಾತಿಗೂ ಅನ್ವಯಿಸುತ್ತಿದೆ. ‘ಪರಿಸರಸ್ನೇಹಿ’ ಎಂಬಂತಹ ಸಾಮಾನ್ಯ ವಿಶೇಷಣಗಳನ್ನು ಆಧಾರವಿಲ್ಲದೆ ಗ್ರಾಹಕರೆದುರಿಗೆ ಬಳಸಕೂಡದೆಂದು ಅದೇ ಒಕ್ಕೂಟವು ೨೦೨೪ರಲ್ಲಿ ನಿರ್ದೇಶನವಿತ್ತು, ೨೦೨೬ನೆಯ ಸೆಪ್ಟೆಂಬರ್ ೨೭ನ್ನು ಅದರ ಅನ್ವಯದ ದಿನವೆಂದು ಗೊತ್ತುಮಾಡಿತು. ವಿಶೇಷಣಕ್ಕೂ ಪ್ರಮಾಣವು ಬೇಕೆಂಬುದು ಶಾಸ್ತ್ರಜ್ಞರಿಗೆ ಹೊಸ ಮಾತಲ್ಲ. ಅದನ್ನು ಮಾರುಕಟ್ಟೆಯೂ ಕಲಿಯಬೇಕಾಗಿ ಬಂದುದಷ್ಟೇ ಹೊಸದು.