ಗಾಲಿಯ ಉಡುಗೆ: ಟೈರಿನ ಆಯ್ಕೆ, ಟೈರಿನ ವಯಸ್ಸು ಮತ್ತು ಕಾರಿನ ನಡೆ

ಹಳ್ಳಿಯ ಕಮ್ಮಾರನು ಚಕ್ಕಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವ ಕೆಲಸವನ್ನು ಕಣ್ಣಾರೆ ಕಂಡವರು ಈಗ ವಿರಳರು. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿರುವಾಗಲೇ ಮರದ ಗಾಲಿಯ ಮೇಲೆ ಕೂರಿಸಿ ನೀರು ಸುರಿದರೆ, ಕುಗ್ಗಿದ ಲೋಹವು ಗಾಲಿಯ ಅಂಗಾಂಗಗಳನ್ನೆಲ್ಲ ಬಿಗಿದು ಹಿಡಿಯುತ್ತಿತ್ತು. ಇಂಗ್ಲಿಷಿನಲ್ಲಿ 'ಟೈರ್' ಎಂಬ ಶಬ್ದವು ಮೊದಲು ಸೂಚಿಸಿದ್ದು ಇಂಥ ಲೋಹದ ಪಟ್ಟಿಯನ್ನೇ. ಉಡುಗೆ ಎಂಬರ್ಥದ 'ಅಟೈರ್' ಶಬ್ದದ ಸಂಕ್ಷಿಪ್ತ ರೂಪವೇ ಅದೆಂದು ನಿಘಂಟುಕಾರರು ತಿಳಿಸುತ್ತಾರೆ. ಗಾಲಿಗೆ ಉಡಿಸಿದ ಉಡುಗೆಯೇ ಟೈರು ಎಂಬ ಈ ಅರ್ಥವು ಸೊಗಸಾದುದು. ಉಡುಗೆ ಅಳತೆಗೆ ಒಪ್ಪದಿದ್ದರೂ ಜೀರ್ಣವಾದರೂ ಉಟ್ಟವನಿಗೆ ತೊಂದರೆ. ಟೈರಿನ ವಿಷಯವೂ ಹಾಗೆಯೇ.

ಕಬ್ಬಿಣದ ಪಟ್ಟಿಯು ಗಾಲಿಯನ್ನು ರಕ್ಷಿಸಿತೇ ವಿನಾ ಪ್ರಯಾಣಿಕನ ಬೆನ್ನನ್ನು ರಕ್ಷಿಸಲಿಲ್ಲ. ಆ ಕೊರತೆಯನ್ನು ನೀಗಿಸಿದುದು ರಬ್ಬರು ಮತ್ತು ಗಾಳಿ. ಸಹಜ ರಬ್ಬರು ಬಿಸಿಲಿಗೆ ಅಂಟಂಟಾಗಿ, ಚಳಿಗೆ ಬಿರುಸಾಗುವ ವಸ್ತು. ಅದನ್ನು ಗಂಧಕದೊಡನೆ ಕಾಯಿಸಿ ಸ್ಥಿರಗೊಳಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಹಕ್ಕುಪತ್ರ ಪಡೆದನು. ಗಾಳಿ ತುಂಬಿದ ಟೈರಿನ ಕಲ್ಪನೆಗೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿಯೇ ಹಕ್ಕು ಪಡೆದಿದ್ದರೂ, ಅದು ಬಳಕೆಗೆ ಬಂದದ್ದು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯನ ಪ್ರಯತ್ನದಿಂದ. ಕಾರಿನ ಭಾರದ ಬಹುಪಾಲನ್ನು ಹೊರುವುದು ಟೈರಿನೊಳಗೆ ಬಂಧಿತವಾದ ಗಾಳಿ. ರಬ್ಬರು, ನೂಲು ಮತ್ತು ಉಕ್ಕಿನ ತಂತಿಗಳು ಆ ಗಾಳಿಯನ್ನು ಹಿಡಿದಿಡುವ ಪಾತ್ರೆ.

ಚಲಿಸುವ ಕಾರಿಗೂ ನೆಲಕ್ಕೂ ಇರುವ ಸಂಬಂಧ ಎಷ್ಟು ಕಿರಿದೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಒಂದೊಂದು ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಎಂಜಿನಿನ ಬಲ, ಬ್ರೇಕಿನ ಹಿಡಿತ, ಸ್ಟಿಯರಿಂಗಿನ ಆಜ್ಞೆ ಇವೆಲ್ಲವೂ ಈ ನಾಲ್ಕು ಅಂಗೈಗಳ ಮೂಲಕವೇ ನೆಲವನ್ನು ತಲುಪಬೇಕು. ಬ್ರೇಕು ನಿಲ್ಲಿಸುವುದು ಗಾಲಿಯನ್ನು. ಕಾರನ್ನು ನಿಲ್ಲಿಸುವುದು ಟೈರು. ಆದುದರಿಂದ ಕಾರಿನ ನಡೆ ಕೆಟ್ಟಿತೆಂದು ತೋರಿದಾಗ ಎಂಜಿನನ್ನೋ ಸ್ಪ್ರಿಂಗನ್ನೋ ದೂಷಿಸುವ ಮೊದಲು ಟೈರನ್ನು ಪರೀಕ್ಷಿಸುವುದು ವಿವೇಕ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ದಾರಿಗಳು ಟೈರಿಗೆ ಬಗೆಬಗೆಯ ಪರೀಕ್ಷೆಯನ್ನು ಒಡ್ಡುತ್ತವೆ. ಹಿಂದೆ 4ನೆಯ ಸಂಖ್ಯೆಯದಾಗಿದ್ದು ಈಗ 48 ಎಂದು ಕರೆಯಲ್ಪಡುವ ರಾಷ್ಟ್ರೀಯ ಹೆದ್ದಾರಿಯು ಹಾವೇರಿಯಿಂದ ಮೋಟೆಬೆನ್ನೂರಿನ ಮಾರ್ಗವಾಗಿ ರಾಣೇಬೆನ್ನೂರಿನ ಕಡೆಗೆ ಸಾಗುತ್ತದೆ. ಅಲ್ಲಿ ವೇಗ ಹೆಚ್ಚು. ಬ್ಯಾಡಗಿಯ ಕಡೆಗೆ ಹೊರಳಿದರೆ ಸುಗ್ಗಿಯ ಕಾಲದಲ್ಲಿ ಮೆಣಸಿನಕಾಯಿ ಚೀಲಗಳನ್ನು ಹೊತ್ತ ಲಾರಿ, ಟ್ರ್ಯಾಕ್ಟರುಗಳ ಸಂದಣಿ. ಅಲ್ಲಿ ಹೆಜ್ಜೆಹೆಜ್ಜೆಗೂ ಬ್ರೇಕಿನ ಅಗತ್ಯ. ಚೈತ್ರ ವೈಶಾಖಗಳಲ್ಲಿ ಡಾಂಬರು ಕಾದು ಬೆಂಕಿಯಾಗುತ್ತದೆ. ಮುಂಗಾರು ಬಿದ್ದೊಡನೆ ಎರೆಹೊಲಗಳಿಂದ ಟ್ರ್ಯಾಕ್ಟರಿನ ಗಾಲಿಗಳು ಹೊತ್ತು ತಂದ ಕಪ್ಪು ಮಣ್ಣು ರಸ್ತೆಯ ಮೇಲೆ ನೆನೆದು ಸಾರಿಸಿದ ನೆಲದಂತೆ ಜಾರುತ್ತದೆ. ಒಂದೇ ಟೈರು ಇಷ್ಟನ್ನೂ ನಿಭಾಯಿಸಬೇಕು.

ಇನ್ನು ಆಯ್ಕೆಯ ವಿಚಾರ. ಟೈರಿನ ಪಕ್ಕದಲ್ಲಿ '185/65 ಆರ್ 15 88 ಎಚ್' ಎಂಬಂಥ ಬರಹವಿರುವುದನ್ನು ಅನೇಕರು ನೋಡಿದ್ದರೂ ಓದಿದವರು ಕಡಿಮೆ. ಇದೊಂದು ಸೂತ್ರದಂತಿದೆ. 185 ಎಂದರೆ ಮಿಲಿಮೀಟರುಗಳಲ್ಲಿ ಟೈರಿನ ಅಗಲ. 65 ಎಂದರೆ ಆ ಅಗಲದ ನೂರಕ್ಕೆ ಅರವತ್ತೈದರಷ್ಟು ಪಕ್ಕದ ಎತ್ತರ. 'ಆರ್' ಎಂದರೆ ರೇಡಿಯಲ್ ರಚನೆ. 15 ಎಂದರೆ ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. 88 ಎಂಬ ಅಂಕವು ಒಂದು ಟೈರು 560 ಕಿಲೋ ಹೊರಬಲ್ಲುದೆಂಬುದನ್ನೂ, 'ಎಚ್' ಅಕ್ಷರವು ಗಂಟೆಗೆ 210 ಕಿಲೋಮೀಟರಿನ ಗರಿಷ್ಠ ವೇಗವನ್ನೂ ಸೂಚಿಸುತ್ತವೆ.

ಪಕ್ಕದ ಎತ್ತರ ಹೆಚ್ಚಾಗಿದ್ದರೆ ತಗ್ಗುದಿನ್ನೆಗಳ ಪೆಟ್ಟನ್ನು ಟೈರೇ ನುಂಗಿಕೊಳ್ಳುತ್ತದೆ, ಕುಳಿತವರಿಗೆ ಸುಖ. ಆದರೆ ಸ್ಟಿಯರಿಂಗು ತಿರುಗಿಸಿದಾಗ ಮೊದಲು ರಬ್ಬರು ಹೊರಳಿ, ಅನಂತರ ಕಾರು ಹೊರಳುವುದರಿಂದ ಕ್ಷಣಮಾತ್ರದ ವಿಳಂಬ ಕಾಣುತ್ತದೆ. ಪಕ್ಕ ಗಿಡ್ಡವಾಗಿದ್ದರೆ ಕಾರು ಚುರುಕಾಗಿ ಹೊರಳುತ್ತದೆ. ಆದರೆ ಪ್ರತಿಯೊಂದು ಕಲ್ಲೂ ಕುಳಿತವರಿಗೆ ತನ್ನ ಇರವನ್ನು ಸಾರುತ್ತದೆ, ಗುಂಡಿಗೆ ಬಿದ್ದಾಗ ರಿಮ್ಮು ಸೊಟ್ಟಗಾಗುವ ಭಯವೂ ಉಂಟು. ಅಂದಕ್ಕೆಂದು ಅಗಲವಾದ ಟೈರು ಹಾಕಿಸುವವರು ಇನ್ನೊಂದು ಮಾತನ್ನೂ ತಿಳಿದಿರಬೇಕು. ಅಗಲ ಹೆಚ್ಚಿದಷ್ಟೂ ನಿಂತ ನೀರನ್ನು ಸೀಳಿಕೊಂಡು ಹೋಗುವುದು ಕಷ್ಟ. ಆ ಮಟ್ಟಿಗೆ ಟೈರು ನೀರಿನ ಮೇಲೆ ತೇಲುವ ಸಂಭವ ಹೆಚ್ಚು. ಹಳ್ಳಿಯ ದಾರಿಗಳಲ್ಲಿ ಓಡಾಡುವವರಿಗೆ ಕಾರಿನ ತಯಾರಕರು ಸೂಚಿಸಿದ ಅಳತೆಯೇ ಶ್ರೇಯಸ್ಕರ.

ಒಳರಚನೆಯಲ್ಲಿಯೂ ಭೇದವಿದೆ. ಹಳೆಯ ಬಗೆಯ ಟೈರಿನಲ್ಲಿ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ಹಾಯ್ದು ಹೋಗುತ್ತಿದ್ದವು. ಫ್ರಾನ್ಸಿನ ಮಿಷಲಿನ್ ಸಂಸ್ಥೆಯು 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯ್ದಿದ್ದು, ಅವುಗಳ ಮೇಲೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಇದರಿಂದ ಪಕ್ಕ ಮೃದುವಾಗಿ ಬಾಗಿದರೂ ನೆಲ ಮುಟ್ಟುವ ಭಾಗ ಚಪ್ಪಟೆಯಾಗಿ ಉಳಿಯುತ್ತದೆ. ಶಾಖ ಕಡಿಮೆ, ಬಾಳಿಕೆ ಹೆಚ್ಚು. ಒಂದೇ ಕಾರಿಗೆ ಈ ಎರಡೂ ಬಗೆಯ ಟೈರುಗಳನ್ನು ಬೆರೆಸಿ ಹಾಕುವುದು ಅಪಾಯಕರ. ರಬ್ಬರಿನ ಮಿಶ್ರಣದಲ್ಲಿಯೂ ಬಿರುಸು, ಮೃದು ಎಂಬ ತರತಮವಿದೆ. ಸಾಮಾನ್ಯವಾಗಿ ಬಿರುಸಾದುದು ಬಹುಕಾಲ ಬಾಳುತ್ತದೆ, ಮೃದುವಾದುದು ನೆಲವನ್ನು ಹೆಚ್ಚು ಹಿಡಿಯುತ್ತದೆ. ಕೇವಲ ಬಾಳಿಕೆಯನ್ನು ಕೇಳಿ ಕೊಳ್ಳುವವನು ಹಿಡಿತವನ್ನೂ ಕೇಳುವುದು ಲೇಸು.

ಆಯ್ಕೆಗಿಂತಲೂ ಹೆಚ್ಚಾಗಿ ಜನರು ಮರೆಯುವುದು ವಯಸ್ಸನ್ನು. ಗಂಧಕದ ಸೇತುವೆಗಳಿಂದ ಬೆಸೆದ ರಬ್ಬರಿನ ಕಣಸರಪಳಿಗಳು ಗಾಳಿಯ ಆಮ್ಲಜನಕ ಮತ್ತು ಬಿಸಿಲಿನ ಶಾಖದಿಂದ ವರ್ಷ ಕಳೆದಂತೆ ಮತ್ತಷ್ಟು ಬೆಸೆದುಕೊಂಡು ಬಿರುಸಾಗುತ್ತವೆ. ಓಜೋನು ಮೈಮೇಲೆ ಸಣ್ಣ ಬಿರುಕುಗಳನ್ನು ಮೂಡಿಸುತ್ತದೆ. ಇದನ್ನು ತಡೆಯಲು ತಯಾರಕರು ರಬ್ಬರಿಗೆ ಮೇಣವನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗುವಾಗ ಆ ಮೇಣವು ಮೇಲ್ಮೈಗೆ ಬಂದು ಕಾಪಾಡುತ್ತದೆ. ನಿಂತೇ ಇರುವ ಕಾರಿನ ಟೈರಿಗೆ ಆ ರಕ್ಷಣೆಯೂ ಪೂರ್ತಿ ದೊರೆಯದು.

ಇಲ್ಲಿಯೇ ಮೋಸವಿರುವುದು. ಹಬ್ಬಹರಿದಿನಕ್ಕೆ, ಮದುವೆ ಮುಂಜಿಗೆ ಮಾತ್ರ ಹೊರತೆಗೆಯುವ ಕಾರನ್ನು ಊಹಿಸಿರಿ. ಏಳೆಂಟು ವರ್ಷಗಳಾದರೂ ಅದರ ಟೈರಿನ ಗೆರೆಗಳು ಸವೆದಿರುವುದಿಲ್ಲ. ಮನೆಯ ಯಜಮಾನನು 'ಟೈರು ಹೊಸದರಂತಿದೆ' ಎಂದು ಹೆಮ್ಮೆಪಡುತ್ತಾನೆ. ಆದರೆ ಆ ರಬ್ಬರು ನೆಲದ ಉಬ್ಬುತಗ್ಗುಗಳಿಗೆ ಒಗ್ಗಿಕೊಳ್ಳುವ ಮೃದುತ್ವವನ್ನು ಕಳೆದುಕೊಂಡಿದೆ. ಕಾರು ಕಟಕಟ ಎನ್ನುತ್ತದೆ, ಗುಂಯ್ಗುಡುವ ಸದ್ದು ಹೆಚ್ಚುತ್ತದೆ, ಸಣ್ಣ ಕಲ್ಲೂ ದೊಡ್ಡ ಪೆಟ್ಟಿನಂತೆ ಭಾಸವಾಗುತ್ತದೆ. 'ಕಾರು ಹಳೆಯದಾಯಿತು' ಎಂದು ಭಾವಿಸಿ ಶಾಕ್ ಅಬ್ಸಾರ್ಬರು ಬದಲಿಸಿ ಹಣ ತೆತ್ತವರುಂಟು. ಹಣ ಹೋದರೆ ಹೋಯಿತೆನ್ನಬಹುದು. ಆದರೆ ಮೊದಲ ಮಳೆಯ ದಿನ, ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುವ ಹೊತ್ತಿನಲ್ಲಿ, ಬ್ರೇಕು ತುಳಿದರೂ ಬಿರುಸಾದ ಟೈರು ಜಾರಿ ನಾಲ್ಕು ಮಾರು ಮುಂದೆ ಹೋಯಿತೆಂದರೆ ಆ ನಾಲ್ಕು ಮಾರಿಗೆ ಬೆಲೆ ಕಟ್ಟುವವರಾರು?

ಸವೆತದ ಮೋಸವು ಬೇರೊಂದು ಬಗೆಯದು. ಹೊಸ ಟೈರಿನ ಗೆರೆಗಳ ಆಳ ಸುಮಾರು 8 ಮಿಲಿಮೀಟರು. ಎತ್ತರವಾದ ಆ ರಬ್ಬರಿನ ಗಟ್ಟಿಗಳು ತುಸು ಅಲುಗಾಡುವುದರಿಂದ ಹೊಸತರಲ್ಲಿ ಸ್ಟಿಯರಿಂಗು ಕೊಂಚ ಮೆತ್ತಗೆನಿಸುತ್ತದೆ. ಸವೆದ ಟೈರಿನಲ್ಲಿ ಆ ಅಲುಗಾಟವಿಲ್ಲದ ಕಾರಣ ಒಣ ರಸ್ತೆಯಲ್ಲಿ ಕಾರು ಮೊದಲಿಗಿಂತ ಚುರುಕಾದಂತೆಯೂ ತೋರಬಹುದು. ಅದನ್ನು ಗುಣವೆಂದು ನಂಬಬಾರದು. ಮಳೆಯಲ್ಲಿ ನೀರನ್ನು ಹೊರದೂಡುವ ಕಾಲುವೆಗಳೇ ಆ ಗೆರೆಗಳು. ಕಾಲುವೆ ಹೂತರೆ ನೀರು ಟೈರಿನ ಅಡಿಯಲ್ಲಿಯೇ ನಿಂತು ಕಾರು ತೇಲುತ್ತದೆ. ಕಾರಿನ ಟೈರಿನಲ್ಲಿ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಮ್ಮ ದೇಶದ ನಿಯಮ. ಗೆರೆಗಳ ನಡುವೆ ಅಡ್ಡಲಾಗಿ ಉಬ್ಬಿದ ಚಿಕ್ಕ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಆ ದಿಂಡುಗಳ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತೆಂದೇ ಅರ್ಥ.

ಟೈರು ತನ್ನ ಬೇನೆಯನ್ನು ಸವೆತದ ರೀತಿಯಲ್ಲಿಯೇ ಹೇಳಿಕೊಳ್ಳುತ್ತದೆ. ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ; ನಡುವೆ ಸವೆದಿದ್ದರೆ ಗಾಳಿ ಹೆಚ್ಚು; ಒಂದೇ ಅಂಚು ಸವೆದಿದ್ದರೆ ಗಾಲಿಗಳ ಜೋಡಣೆ ತಪ್ಪಿದೆ. ಒಂದು ವೇಗವನ್ನು ದಾಟಿದಾಗ ಮಾತ್ರ ಸ್ಟಿಯರಿಂಗು ನಡುಗಿದರೆ ಗಾಲಿಯ ತೂಕ ಸಮವಾಗಿಲ್ಲವೆಂದು ಊಹಿಸಬಹುದು. ಬಹಳ ದಿನ ನಿಂತ ಕಾರು ಹೊರಟೊಡನೆ ಧಡಧಡ ಎಂದು, ಕೆಲವು ಮೈಲಿ ಸಾಗಿದ ಮೇಲೆ ಸುಮ್ಮನಾದರೆ, ಟೈರು ನಿಂತಲ್ಲಿ ಚಪ್ಪಟೆಯಾಗಿತ್ತೆಂದು ತಿಳಿಯಬೇಕು. ಪಕ್ಕದಲ್ಲಿ ಬುಗುಟು ಎದ್ದಿದ್ದರೆ ಒಳಗಿನ ನೂಲು ಹರಿದಿದೆ. ಆ ಟೈರನ್ನು ಮರುದಿನದವರೆಗೂ ನಂಬಲಾಗದು.

ಗಾಳಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಬೇಸಿಗೆಯಲ್ಲಿ ಟೈರು ಒಡೆಯುವುದೆಂದು ಹೆದರಿ ಗಾಳಿಯನ್ನು ಕಡಿಮೆ ಮಾಡುವವರುಂಟು. ಫಲ ಇದಕ್ಕೆ ವಿರುದ್ಧ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದ ಟೈರೇ ಹೆದ್ದಾರಿಯಲ್ಲಿ ಒಡೆಯುತ್ತದೆ. ವಯಸ್ಸಾದ ಟೈರಿನಲ್ಲಿ ಉಕ್ಕಿನ ಪಟ್ಟಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲವಾಗಿರುವುದರಿಂದ ಈ ಅಪಾಯ ಇಮ್ಮಡಿ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿಯೋ ಕೈಪಿಡಿಯಲ್ಲಿಯೋ ಬರೆದಿರುವಷ್ಟು ಪೌಂಡು ಗಾಳಿಯನ್ನು, ಟೈರು ತಣ್ಣಗಿರುವಾಗ, ತುಂಬಿಸಬೇಕು. ನೈಟ್ರೋಜನ್ ತುಂಬಿಸಲೇಬೇಕೆಂಬ ನಿರ್ಬಂಧವೇನೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಭಾಗ ಅದೇ ಇದೆ. ಪಂಕ್ಚರ್ ಅಂಗಡಿಯ ಸಾಮಾನ್ಯ ಗಾಳಿಯನ್ನೇ ತಿಂಗಳಿಗೊಮ್ಮೆಯಾದರೂ ಅಳೆಸಿದರೆ ಸಾಕು.

ಟೈರಿನ ಜನ್ಮಕಾಲವನ್ನು ಅರಿಯಲು ಜ್ಯೋತಿಷಿ ಬೇಕಿಲ್ಲ. ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಗಳಿರುತ್ತವೆ. '2319' ಎಂದಿದ್ದರೆ ಅದು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ಐದು ವರ್ಷ ಕಳೆದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಂದ ಪರೀಕ್ಷಿಸಬೇಕೆಂದೂ, ನೋಟಕ್ಕೆ ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷಗಳ ಮೇಲೆ ಬಳಸಬಾರದೆಂದೂ ಪ್ರಮುಖ ಟೈರು ತಯಾರಕರು ಸೂಚಿಸುತ್ತಾರೆ. ಕೆಲವು ಕಾರು ತಯಾರಕರು ಆರು ವರ್ಷಕ್ಕೇ ಬದಲಿಸಿರಿ ಎನ್ನುತ್ತಾರೆ. ಹೊಸದನ್ನು ಕೊಳ್ಳುವಾಗಲೂ ಈ ಅಂಕಗಳನ್ನು ಓದಿಯೇ ಹಣ ಕೊಡುವುದು ಜಾಣತನ. ಎರಡನ್ನು ಮಾತ್ರ ಬದಲಿಸುವುದಾದರೆ ಹೊಸವನ್ನು ಹಿಂದಿನ ಗಾಲಿಗಳಿಗೆ ಹಾಕಿಸಬೇಕು. ಒದ್ದೆ ರಸ್ತೆಯ ತಿರುವಿನಲ್ಲಿ ಹಿಂಭಾಗವು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ, ಅದನ್ನು ಸಾಮಾನ್ಯ ಚಾಲಕನು ಹತೋಟಿಗೆ ತರುವುದು ಕಷ್ಟ. ಬದಲಿ ಗಾಲಿಯ ಟೈರಿಗೂ ವಯಸ್ಸಾಗುವುದೆಂಬುದನ್ನು ಮರೆಯಬಾರದು.

ಎತ್ತಿನ ಬಂಡಿಯ ಕಾಲದ ರೈತನು ದೂರದ ಸಂತೆಗೆ ಹೊರಡುವ ಮುನ್ನ ಗಾಲಿಯ ಪಟ್ಟಿಯನ್ನು ತಟ್ಟಿ, ಅಚ್ಚಿಗೆ ಎಣ್ಣೆ ಹಾಕಿ, ಕೀಲನ್ನು ನೋಡಿಯೇ ಎತ್ತು ಹೂಡುತ್ತಿದ್ದನು. ಕಾರನ್ನೇರುವವನೂ ತಿಂಗಳಿಗೊಂದು ಸಲ ಬಾಗಿ, ನಾಲ್ಕು ಗಾಲಿಗಳ ಉಡುಗೆಯನ್ನು ಕೈಯಿಂದ ಮುಟ್ಟಿ ನೋಡುವ ರೂಢಿಯನ್ನು ಇಟ್ಟುಕೊಂಡರೆ ಅವನಿಗೂ ಕ್ಷೇಮ, ದಾರಿಯಲ್ಲಿ ನಡೆಯುವವರಿಗೂ ಕ್ಷೇಮ.