ಅಜ್ಜಿಯ ಮನೆಗೆ ಮತ್ತೆ ಹೋಗುವವರಿಗೆ



ಹೊಸೂರಿನಿಂದ ಆನೇಕಲ್ಲಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತೇನೂ ಬೇಕಿಲ್ಲ. ಆದರೂ ಆ ಕಡೆ ಇರುವ ತಾಯಿಯ ತಾಯಿಯ ಮುಖ ಕಾಣದೆ ಬೆಳೆದ ಮೊಮ್ಮಕ್ಕಳು ನಮ್ಮಲ್ಲಿದ್ದಾರೆ. ಇದಕ್ಕೆ ಗಡಿ ಕಾರಣವಲ್ಲ, ಅನೇಕ ಮನೆಗಳಲ್ಲಿ ಜಮೀನು ಕಾರಣ.

ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂಬ ಕಾನೂನು ತಮಿಳುನಾಡಿನಲ್ಲಿ 1989ರಲ್ಲಿ, ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಅದಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಪಾಲಿರಲಿಲ್ಲ. 2005ರ ಕೇಂದ್ರ ಕಾನೂನು ಆ ಭೇದವನ್ನು ತೆಗೆಯಿತು. ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚಿದರೆ ಅವಳ ಮಕ್ಕಳಿಗೂ ಮುಚ್ಚಿದಂತೆಯೇ. ಕೇಳಿದ್ದು ತಪ್ಪಲ್ಲ, ಮುಚ್ಚಿದ್ದು ತಪ್ಪು.

ಈಗ ನೀವು ದೊಡ್ಡವರಾಗಿದ್ದೀರಿ, ಅಜ್ಜಿಗೆ ವಯಸ್ಸಾಗಿದೆ. ಹೋಗುವ ಮುಂಚೆ ತಾಯಿಗೆ ತಿಳಿಸಿ. ಕದ್ದು ಹೋದರೆ ಇನ್ನೊಂದು ಜಗಳ. ಕಾಗದ ಬರೆಯೋಣವೆಂದರೆ ಅಕ್ಷರದ ತೊಡಕು. 2006ರ ಕಾನೂನಿನಿಂದ ನಮ್ಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯವಾಯಿತು. ಮನೆಯಲ್ಲಿ ಕನ್ನಡ ಆಡಿದರೂ ಬರೆಯಲು ಬಾರದವರು ಎಷ್ಟೋ ಮಂದಿ. ಅಜ್ಜಿಗೆ ತಮಿಳು ಅಕ್ಷರ ತಿಳಿಯದು. ಊರಿನ ಹಿರಿಯರೊಬ್ಬರ ಕೈಲಿ ಹೇಳಿಕಳಿಸಿ, ಆಮೇಲೆ ನೀವೇ ಹೋಗಿ. ತಮಿಳು, ತೆಲುಗು ಬೆರೆತ ನಮ್ಮ ಮನೆಮಾತೇ ಸಾಕು.

ಮೊಕದ್ದಮೆ ಇದ್ದರೆ ಅದು ಕೋರ್ಟಿನಲ್ಲೇ ಇರಲಿ. ಪತ್ರಗಳನ್ನು ಚೀಲದಲ್ಲಿ ಒಯ್ಯಬೇಡಿ. ಸೋದರಮಾವನಿಗೆ ಅನುಮಾನ ಬರುವುದು ಸಹಜ. ಅವರ ಎದುರಿಗೇ, "ಅಜ್ಜೀ, ನಿಮ್ಮನ್ನ ನೋಡೋಕೆ ಬಂದೆ, ಇನ್ನೇನಿಲ್ಲ" ಅನ್ನಿ. ಮೊದಲ ದಿನ ಅಜ್ಜಿ ಮಾತಾಡದೆಯೂ ಇರಬಹುದು. ಎಲೆ ಅಡಿಕೆ ಕೊಟ್ಟು ಬನ್ನಿ. ಮುಂದಿನ ಹಬ್ಬಕ್ಕೆ ಮತ್ತೆ ಹೋಗಿ.