ಮೊದಲು ಲೈನ್, ಆಮೇಲೆ ಸ್ಟೇಷನ್, ಕೊನೆಗೆ ಮನೆ

ಮುಂಬಯಿಯಲ್ಲಿ ಕೆಲಸ ಇದೆ, ಬಾಡಿಗೆ ಕಟ್ಟಿ ಸಾಕಾಗಿದೆ, ಸ್ವಂತಕ್ಕೊಂದು ಫ್ಲ್ಯಾಟ್ ತಗೋಬೇಕು. ಆದರೆ ಯಾವ ಊರಲ್ಲಿ? ಈ ಸಲದ ಮಾತು ಇದರ ಬಗ್ಗೆ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಓರಣ ಮಾಡಿ ಬರೆದಿದ್ದೇವೆ. ನಿಧಾನವಾಗಿ ಓದ್ಕೊಳ್ಳಿ, ಮನೆಯವರ ಜೊತೆ ಕೂತು ಓದಿದರೆ ಇನ್ನೂ ಒಳ್ಳೇದು.

ಫೋರ್ಟ್, ಮಾಟುಂಗ, ವಡಾಲದಲ್ಲಿ ಬದುಕು ಶುರು ಮಾಡಿದ ನಮ್ಮವರ ಎಷ್ಟೋ ಕುಟುಂಬಗಳು ಮುಲುಂಡ್, ಡೊಂಬಿವಲಿ, ಬೊರಿವಲಿ, ಮೀರಾ ರೋಡ್, ನೆರೂಲ್ ಕಡೆ ಹೋಗಿ ನೆಲೆ ನಿಂತಿವೆ. ಕಾರಣ ಎಲ್ಲರಿಗೂ ಗೊತ್ತು. ಊರಿಂದ ದೂರ ಹೋದಷ್ಟೂ ಮನೆ ದೊಡ್ಡದಾಗುತ್ತೆ, ಬೆಲೆ ಇಳಿಯುತ್ತೆ. ಹಾಗಾಗಿ ಹೆಚ್ಚಿನವರು ಮಾಡೋದು ಇಷ್ಟೇ: ಕೈಯಲ್ಲಿರುವ ದುಡ್ಡು, ಸಿಗುವ ಲೋನ್ ಎರಡನ್ನೂ ಕೂಡಿಸ್ತಾರೆ, ಅಷ್ಟಕ್ಕೆ ಎಲ್ಲಿ ಟೂ ಬಿಎಚ್‌ಕೆ ಬರುತ್ತೋ ಅಲ್ಲಿ ಟೋಕನ್ ಕೊಟ್ಟು ಬರ್ತಾರೆ. ನಾವು ಹೇಳೋದು, ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡಿ. ಮೊದಲು ರೈಲ್ವೆ ಲೈನ್ ಆರಿಸಿ, ಆಮೇಲೆ ಸ್ಟೇಷನ್, ಕೊನೆಗೆ ಮನೆ.

ಕಿಲೋಮೀಟರ್ ನಂಬಬೇಡಿ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಮೊದಲ ಪ್ಯಾಸೆಂಜರ್ ರೈಲು ಓಡಿತಲ್ಲ, ಆ ದೂರ 34 ಕಿಲೋಮೀಟರ್. ಅದೇ ಲೈನಿನಲ್ಲಿ ಮುಂದೆ ಹೋದರೆ ಸಿಎಸ್‌ಎಂಟಿಯಿಂದ ಡೊಂಬಿವಲಿ 48, ಕಲ್ಯಾಣ್ 54, ಬದ್ಲಾಪುರ 68, ಕರ್ಜತ್ 100. ಹಾರ್ಬರ್ ಲೈನಿನಲ್ಲಿ ಪನ್ವೇಲ್ 49. ಪಶ್ಚಿಮದಲ್ಲಿ ಚರ್ಚ್‌ಗೇಟಿನಿಂದ ವಿರಾರ್ 60.

ಈಗ ನೋಡಿ, ಡೊಂಬಿವಲಿ ಮತ್ತು ಪನ್ವೇಲ್ ಹೆಚ್ಚುಕಮ್ಮಿ ಒಂದೇ ದೂರ. ಆದರೆ ಡೊಂಬಿವಲಿಯಿಂದ ಫಾಸ್ಟ್ ಹಿಡಿದರೆ ಸಿಎಸ್‌ಎಂಟಿಗೆ ಒಂದು ಗಂಟೆ ಐದು ನಿಮಿಷದ ಆಸುಪಾಸು. ಹಾರ್ಬರ್ ಲೈನಿಗೆ ಬೇರೆ ಫಾಸ್ಟ್ ಹಳಿಯೇ ಇಲ್ಲ, ರೈಲು ಎಲ್ಲಾ ಸ್ಟೇಷನ್ ಮುಟ್ಟಿಕೊಂಡು ಬರುತ್ತೆ. ಹಾಗಾಗಿ ಪನ್ವೇಲಿನಿಂದ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಹಾಗಂತ ಡೊಂಬಿವಲಿಯೇ ಮೇಲು ಅಂತಲ್ಲ. ಡೊಂಬಿವಲಿಯಲ್ಲಿ ಬೆಳಿಗ್ಗೆ ಎಂಟೂವರೆಗೆ ರೈಲು ಹತ್ತೋದೇ ಒಂದು ಸಾಹಸ. ಪನ್ವೇಲಿನಲ್ಲಿ ರೈಲು ಅಲ್ಲಿಂದಲೇ ಹೊರಡುತ್ತೆ, ಐದು ನಿಮಿಷ ಮೊದಲು ಹೋದರೆ ಸೀಟು ಸಿಗುವ ಸಾಧ್ಯತೆ ಇದೆ. ನೇತಾಡಿಕೊಂಡು ಹೋಗುವ 65 ನಿಮಿಷ, ಕೂತು ಹೋಗುವ 80 ನಿಮಿಷ, ಎರಡೂ ಬೇರೆ ಬೇರೆ ಸಾಮಾನು.

ಲೈನ್ ಆರಿಸೋದು ಹೇಗೆ?

ಮುಂಬಯಿಯ ರೈಲ್ವೆ ಕೈಬೆರಳು ಇದ್ದ ಹಾಗೆ. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಲ್ಲವೂ ಉದ್ದಕ್ಕೆ ಹೋಗ್ತವೆ. ಬೆರಳಿನ ಉದ್ದಕ್ಕೆ ಓಡಾಡೋದು ಸುಲಭ, ಒಂದು ಬೆರಳಿಂದ ಇನ್ನೊಂದಕ್ಕೆ ದಾಟೋದೇ ಕಷ್ಟ. ದಾದರಿನ ಸೇತುವೆ, ಘಾಟ್‌ಕೋಪರ್–ಅಂಧೇರಿ–ವರ್ಸೋವ ಮೆಟ್ರೋ, ಥಾಣೆಯಿಂದ ವಾಶಿ ಮತ್ತು ಪನ್ವೇಲ್ ಕಡೆ ಹೋಗುವ ಟ್ರಾನ್ಸ್‌ಹಾರ್ಬರ್, ಇಂಥ ಕೆಲವೇ ಜಾಗಗಳಲ್ಲಿ ದಾಟಬಹುದು. ವಸಾಯಿ–ದಿವಾ ಲೈನ್ ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತೆ, ಆದರೆ ರೈಲುಗಳು ಬೆರಳೆಣಿಕೆ. ಅದನ್ನು ನಂಬಿ ಮನೆ ತಗೋಬೇಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡನ ಆಫೀಸು ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್, ಹೆಂಡತಿಯ ಕೆಲಸ ಐರೋಲಿ. ಮೀರಾ ರೋಡಿನಲ್ಲಿ ಮನೆ ಮಾಡಿದರೆ ಗಂಡನಿಗೆ ಬಾಂದ್ರಾವರೆಗೆ ಒಂದೇ ರೈಲು. ಹೆಂಡತಿಗೆ? ಘೋಡ್‌ಬಂದರ್ ರಸ್ತೆಯ ಟ್ರಾಫಿಕ್, ಇಲ್ಲವೇ ದಾದರ್‌ಗೆ ಇಳಿದು ಮತ್ತೆ ಥಾಣೆಗೆ ಹತ್ತೋದು. ಪನ್ವೇಲ್ ಆದರೆ ಹೆಂಡತಿಗೆ ಟ್ರಾನ್ಸ್‌ಹಾರ್ಬರ್‌ನಲ್ಲಿ ನೇರ ರೈಲು, ಗಂಡ ಹಾರ್ಬರ್‌ನಲ್ಲಿ ಕುರ್ಲಾವರೆಗೆ ಬಂದು ಅಲ್ಲಿಂದ ಬಸ್ಸೋ ಶೇರ್ ರಿಕ್ಷಾವೋ ಹಿಡೀಬೇಕು. ಡೊಂಬಿವಲಿ ಆದರೆ ಇಬ್ಬರೂ ಒಂದೊಂದು ಸಲ ಬದಲಿಸಬೇಕು, ಆಕೆ ಥಾಣೆಯಲ್ಲಿ, ಆತ ಕುರ್ಲಾದಲ್ಲಿ. ಇವರಿಗೆ ಥಾಣೆಯೇ ಸರಿ, ಆದರೆ ಥಾಣೆಯ ಬೆಲೆ ಕೈಗೆ ಎಟುಕಬೇಕಲ್ಲ. ಹಾಗಾದರೆ ಡೊಂಬಿವಲಿಯೋ ಪನ್ವೇಲೋ ಅಂತ ಇಬ್ಬರೂ ಕೂತು ಮಾತಾಡಬೇಕು. ಮೀರಾ ರೋಡಿನಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅದು ಆಕೆಯ ನೌಕರಿಗೆ ಕುತ್ತು. ಮನೆಯಲ್ಲಿ ಮಗು ಇದ್ದರೆ, ಮೊದಲು ಕೆಲಸ ಬಿಡುವವಳು ಹೆಚ್ಚಾಗಿ ಆಕೆಯೇ. ಇದನ್ನು ಟೋಕನ್ ಕೊಡುವ ಮೊದಲು ಯೋಚಿಸಿ.

ನಮ್ಮವರಿಗೆ ಇನ್ನೊಂದು ವಿಷಯವೂ ಇದೆ, ಊರಿಗೆ ಹೋಗಿ ಬರೋದು. ಉಡುಪಿ, ಮಂಗಳೂರು ಕಡೆಯವರಿಗೆ ಮತ್ಸ್ಯಗಂಧ ಥಾಣೆ, ಪನ್ವೇಲ್‌ಗಳಲ್ಲಿ ನಿಲ್ಲುತ್ತೆ. ಕಲಬುರಗಿ, ರಾಯಚೂರು ಕಡೆಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣಿನಲ್ಲಿ ಸಿಗುತ್ತೆ. ವಯಸ್ಸಾದ ಅಪ್ಪ ಅಮ್ಮ ಬಂದು ಹೋಗುವ ಮನೆಯಾದರೆ ಇದೂ ಲೆಕ್ಕಕ್ಕೆ ಬರುತ್ತೆ.

ಸ್ಟೇಷನ್ ಆರಿಸೋದು

ಲೈನ್ ಗಟ್ಟಿಯಾದ ಮೇಲೆ ಸ್ಟೇಷನ್. ಇಲ್ಲಿ ಮೂರು ಪ್ರಶ್ನೆ ಕೇಳ್ಕೊಳ್ಳಿ.

ಒಂದು, ಅಲ್ಲಿಂದ ರೈಲು ಹೊರಡುತ್ತಾ? ಕಲ್ಯಾಣ್, ಅಂಬರ್‌ನಾಥ್, ಬದ್ಲಾಪುರ, ಟಿಟ್ವಾಲ, ಬೊರಿವಲಿ, ವಿರಾರ್, ಪನ್ವೇಲ್‌ಗಳಿಂದ ಹೊರಡುವ ಲೋಕಲ್ ಇವೆ. ಡೊಂಬಿವಲಿಯಿಂದಲೂ ಕೆಲವು ಇವೆ. ನಡುವಿನ ಸ್ಟೇಷನ್ನಿನವರು ತುಂಬಿದ ರೈಲಿಗೇ ಹತ್ತಬೇಕು. ನಾಲಾಸೋಪಾರದವರು ಸೀಟಿಗೋಸ್ಕರ ಹಿಂದಕ್ಕೆ ವಿರಾರ್‌ಗೆ ಹೋಗಿ ಅದೇ ರೈಲಿನಲ್ಲಿ ಕೂತು ಬರೋದು ಸುಮ್ಮನೆ ಅಲ್ಲ.

ಎರಡು, ಒಂದು ರೈಲು ತಪ್ಪಿದರೆ ಇನ್ನೊಂದು ಎಷ್ಟು ಹೊತ್ತಿಗೆ? ಕಲ್ಯಾಣಿನವರೆಗೆ ಎಲ್ಲಾ ರೈಲೂ ಒಂದೇ ದಾರಿ. ಕಲ್ಯಾಣಿನಲ್ಲಿ ದಾರಿ ಎರಡಾಗಿ ಒಡೆಯುತ್ತೆ, ಒಂದು ಕಸಾರಾ ಕಡೆ, ಇನ್ನೊಂದು ಕರ್ಜತ್ ಕಡೆ. ಅಲ್ಲಿಂದಾಚೆ ರೈಲುಗಳ ಸಂಖ್ಯೆ ಹಂಚಿಹೋಗುತ್ತೆ. ಬದ್ಲಾಪುರ ದಾಟಿ ವಾಂಗಣಿ, ನೇರಳ್‌ಗೆ ಹೋದರೆ ಇನ್ನೂ ಕಮ್ಮಿ. ಕಲ್ಯಾಣಿನಿಂದ ಬದ್ಲಾಪುರಕ್ಕೆ ಬರೀ 14 ಕಿಲೋಮೀಟರ್ ಇರಬಹುದು, ಆದರೆ ಬದುಕು ಟೈಮ್‌ಟೇಬಲ್ಲಿಗೆ ಕಟ್ಟಿಬೀಳುತ್ತೆ. ಹೋಟೆಲು, ಬಾರು, ಆಸ್ಪತ್ರೆಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಕೆಲಸ ಮುಗಿಸುವವರು ಕೊನೇ ರೈಲಿನ ಸಮಯವನ್ನು ಮೊದಲು ನೋಡಬೇಕು. ಭಾನುವಾರ ಕೆಲಸ ಇರುವವರು ಮೆಗಾಬ್ಲಾಕ್ ಮರೀಬಾರದು.

ಮೂರು, ಜನಜಂಗುಳಿ. 2025ರ ಜೂನ್ 9ರ ಬೆಳಿಗ್ಗೆ ದಿವಾ–ಮುಂಬ್ರಾ ನಡುವೆ ಎದುರುಬದುರು ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು, ಕೆಲವರು ಪ್ರಾಣ ಕಳಕೊಂಡರು. ಅವರೂ ನಮ್ಮ ನಿಮ್ಮ ಹಾಗೆ ಕೆಲಸಕ್ಕೆ ಹೊರಟವರು. ದಿವಾ, ಮುಂಬ್ರಾ, ಕಳವಾದಲ್ಲಿ ಬೆಲೆ ಕಮ್ಮಿ, ಥಾಣೆಗೆ ಹತ್ತಿರ ಅನ್ನುವಾಗ ಬೆಳಿಗ್ಗೆ ಅಲ್ಲಿ ರೈಲಿನೊಳಗೆ ಕಾಲಿಡೋಕೆ ಜಾಗ ಇರುತ್ತಾ ಅಂತಾನೂ ಕೇಳ್ಕೋಬೇಕು.

ಸ್ಟೇಷನ್ನಿನಿಂದ ಮನೆಗೆ

ಜಾಹೀರಾತಿನಲ್ಲಿ ‘ಸ್ಟೇಷನ್ನಿನಿಂದ ಹತ್ತು ನಿಮಿಷ’ ಅಂತ ಇರುತ್ತೆ. ಯಾವಾಗ ಹತ್ತು ನಿಮಿಷ? ಭಾನುವಾರ ಮಧ್ಯಾಹ್ನ, ಬಿಲ್ಡರನ ಕಾರಿನಲ್ಲಿ. ನೀವು ಹೋಗೋದು ಸೋಮವಾರ ಸಂಜೆ ಏಳೂವರೆಗೆ, ಶೇರ್ ರಿಕ್ಷಾದ ಕ್ಯೂನಲ್ಲಿ ನಿಂತು. ಮನೆಯಿಂದ ಸ್ಟೇಷನ್, ಪ್ಲಾಟ್‌ಫಾರ್ಮಿನಲ್ಲಿ ಕಾಯೋದು, ರೈಲು, ಇಳಿದ ಮೇಲೆ ಆಫೀಸು, ಈ ನಾಲ್ಕನ್ನೂ ಕೂಡಿಸಿದರೇ ನಿಜವಾದ ದೂರ. ರೈಲಿನ 50 ನಿಮಿಷ ಹೀಗೆ ಒಂದೂಮುಕ್ಕಾಲು ಗಂಟೆ ಆಗೋದು ಸಾಮಾನ್ಯ.

ಮಳೆಯನ್ನೂ ನೋಡಿ. 2019ರ ಜುಲೈ 27ರಂದು ಉಲ್ಲಾಸ್ ನದಿ ಉಕ್ಕಿ ಬದ್ಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸೇ ನೀರಿನಲ್ಲಿ ಸಿಕ್ಕಿಬಿತ್ತು, ಸುಮಾರು ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ಹೊರತರಬೇಕಾಯ್ತು. ಹಾಗಾಗಿ ಫ್ಲ್ಯಾಟ್ ನೋಡೋಕೆ ಜನವರಿಯ ಬಿಸಿಲಿನಲ್ಲಿ ಹೋದವರು ಜುಲೈನಲ್ಲೂ ಒಮ್ಮೆ ಹೋಗಿ ಬನ್ನಿ. ಡೊಂಬಿವಲಿ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳಲ್ಲಿ 2016ರಲ್ಲೂ 2024ರಲ್ಲೂ ದೊಡ್ಡ ಸ್ಫೋಟಗಳಾಗಿವೆ, ಆ ಪಕ್ಕದಲ್ಲಿ ಮನೆ ನೋಡುವವರು ಎಷ್ಟು ದೂರ ಅಂತ ಅಳೀಲೇಬೇಕು. ಇನ್ನು ನೀರು. ದಿನಕ್ಕೆ ಎಷ್ಟು ಹೊತ್ತು ಬರುತ್ತೆ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸ್ತಾರಾ ಅನ್ನೋದನ್ನು ಏಜೆಂಟನ್ನು ಕೇಳಬೇಡಿ. ವಾಚ್‌ಮ್ಯಾನ್‌ನನ್ನೋ ಮೂರನೇ ಮಹಡಿಯ ಅಜ್ಜಿಯನ್ನೋ ಕೇಳಿ.

ಕಾಗದಪತ್ರ

ಇಷ್ಟೆಲ್ಲ ಸರಿ ಇದ್ದು ಕಟ್ಟಡವೇ ಅಕ್ರಮ ಆದರೆ? ಕಲ್ಯಾಣ್–ಡೊಂಬಿವಲಿಯಲ್ಲಿ ಪಾಲಿಕೆಯ ಅನುಮತಿಯ ನಕಲಿ ಪತ್ರ ತೋರಿಸಿ ರೇರಾ ನಂಬರ್ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶ ಕೊಟ್ಟಿತು. ನಾಲಾಸೋಪಾರ ಪೂರ್ವದಲ್ಲಿ ಪಾಲಿಕೆಯ ಕಸ ಮತ್ತು ಚರಂಡಿ ನೀರಿನ ಘಟಕಕ್ಕೆ ಮೀಸಲಿದ್ದ ಜಾಗದಲ್ಲಿ ಎದ್ದಿದ್ದ 41 ಕಟ್ಟಡಗಳನ್ನು 2025ರ ಮೊದಲ ತಿಂಗಳುಗಳಲ್ಲಿ ಕೆಡವಿದರು. ಮನೆ ಕೊಂಡವರು ದುಡ್ಡು ಕೊಟ್ಟೇ ಕೊಂಡಿದ್ದರು.

ಇದರಿಂದ ಕಲಿಯೋದೇನು? ಮಹಾರೇರಾ 2017ರ ಮೇ 1ರಿಂದ ಜಾರಿಯಲ್ಲಿದೆ, ಜಾಹೀರಾತಿನಲ್ಲಿ ಅದರ ಕ್ಯೂಆರ್ ಕೋಡ್ ಇರಲೇಬೇಕು. ಅದು ಬೇಕು, ಆದರೆ ಅದೊಂದೇ ಸಾಲದು. ಬಿಲ್ಡರ್ ತೋರಿಸುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟನ್ನು ಪಾಲಿಕೆಯಲ್ಲೇ ತಾಳೆ ನೋಡಬೇಕು. ಕಟ್ಟಿ ಮುಗಿದ ಮನೆಯಾದರೆ ಓಸಿ, ಅಂದರೆ ವಾಸಕ್ಕೆ ಪಾಲಿಕೆ ಕೊಡುವ ಅನುಮತಿ, ಇದೆಯಾ ನೋಡಿ. ಹಳೇ ಫ್ಲ್ಯಾಟಾದರೆ ಸೊಸೈಟಿಯ ಶೇರ್ ಸರ್ಟಿಫಿಕೇಟ್, ಬಾಕಿ ಇಲ್ಲ ಅನ್ನುವ ಪತ್ರ, ಜಾಗ ಸೊಸೈಟಿಯ ಹೆಸರಿಗೆ ಕನ್ವೇಯನ್ಸ್ ಆಗಿದೆಯಾ ಅನ್ನೋದು. ನವಿ ಮುಂಬಯಿಯಲ್ಲಿ ಬಹುಪಾಲು ಜಾಗ ಸಿಡ್ಕೋದ ಲೀಸ್, ಕೈಬದಲಾಗುವಾಗ ಅವರ ಒಪ್ಪಿಗೆ ಮತ್ತು ಶುಲ್ಕ ಇರುತ್ತೆ. ಬ್ಯಾಂಕ್ ಲೋನ್ ಕೊಡ್ತಿದೆ ಅಂದರೆ ಕಟ್ಟಡ ಸರಿ ಇದೆ ಅಂತ ಅರ್ಥ ಅಲ್ಲ. ನಿಮ್ಮದೇ ವಕೀಲರಿಗೆ ಒಂದಿಷ್ಟು ಫೀಸು ಕೊಟ್ಟು ಪೇಪರ್ ತೋರಿಸಿ. ಒಪ್ಪಂದ ರಿಜಿಸ್ಟರ್ ಆಗದೆ ಬಿಲ್ಡರ್ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ, ಇದು ರೇರಾ ಕಾನೂನು. ಸ್ಟ್ಯಾಂಪ್ ಡ್ಯೂಟಿಗೆ ಶೇಕಡಾ 6–7 ಬೇರೆ ಎತ್ತಿಡಿ. ಮನೆ ಹೆಣ್ಣುಮಕ್ಕಳ ಹೆಸರಿಗೇ ಆದರೆ ಅದರಲ್ಲಿ ಶೇಕಡಾ 1 ರಿಯಾಯಿತಿ ಇದೆ.

‘ಮೆಟ್ರೋ ಬರ್ತಿದೆ’ ಅಂದರೆ

ಬರುತ್ತೆ, ಇಲ್ಲ ಅಂತಲ್ಲ. ಅಟಲ್ ಸೇತು 2024ರ ಜನವರಿಯಲ್ಲಿ ತೆರೀತು, ಮೆಟ್ರೋ 3 ಆರೆಯಿಂದ ಕಫ್ ಪರೇಡ್‌ವರೆಗೆ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯ್ತು. ಆದರೆ ನವಿ ಮುಂಬಯಿ ವಿಮಾನ ನಿಲ್ದಾಣ ನೋಡಿ. ಅಡಿಗಲ್ಲು 2018ರ ಫೆಬ್ರವರಿ, ಉದ್ಘಾಟನೆ 2025ರ ಅಕ್ಟೋಬರ್. ಏಳೂವರೆ ವರ್ಷಕ್ಕೂ ಹೆಚ್ಚು! ಅಡಿಗಲ್ಲಿಗೂ ಮೊದಲೇ ಅದರ ಹೆಸರು ಹೇಳಿ ಪನ್ವೇಲ್ ಕಡೆ ಮನೆ ಮಾರಿದವರಿದ್ದಾರೆ. ನಮ್ಮ ಸಲಹೆ ಸರಳ: ಇವತ್ತು ಓಡ್ತಿರೋ ರೈಲಿನ ಮೇಲೆ ಮನೆ ತಗೊಳ್ಳಿ. ಮುಂದೆ ಬರೋದು ಬಂದರೆ ಲಾಭ ಅಂದ್ಕೊಳ್ಳಿ.

ದೂರದ ಮನೆಯ ನಿಜವಾದ ಬೆಲೆ

ಕೊನೆಗೊಂದು ಲೆಕ್ಕ, ಪೆನ್ನು ತಗೊಳ್ಳಿ. ದೂರದ ಊರಿನ ಮನೆ 15 ಲಕ್ಷ ಅಗ್ಗ, ಆದರೆ ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಹೆಚ್ಚು ಅಂತಿಟ್ಟುಕೊಳ್ಳಿ. ವರ್ಷಕ್ಕೆ 300 ದಿನ ಕೆಲಸ, ಅಂದರೆ 300 ಗಂಟೆ. ಲೋನಿನ 20 ವರ್ಷಕ್ಕೆ 6,000 ಗಂಟೆ. ಹಗಲು ರಾತ್ರಿ ಸೇರಿಸಿದರೆ 250 ದಿನ. 15 ಲಕ್ಷವನ್ನು 6,000ದಿಂದ ಭಾಗಿಸಿದರೆ ಗಂಟೆಗೆ 250 ರೂಪಾಯಿ. ಮನೆಯಿಂದ ಇಬ್ಬರು ಓಡಾಡಿದರೆ ತಲೆಗೆ 125. ಬಡ್ಡಿ ಸೇರಿಸಿಲ್ಲ, ಸೇರಿಸಿದರೆ ಅಂಕಿ ಇನ್ನಷ್ಟು ಏರುತ್ತೆ. ಇಷ್ಟಕ್ಕೆ ನಿಮ್ಮ ಒಂದು ಗಂಟೆಯನ್ನು ಮಾರೋಕೆ ನೀವು ತಯಾರಾ? ಕೆಲವರಿಗೆ ಇದು ಲಾಭದ ವ್ಯವಹಾರವೇ, ಅದರಲ್ಲೂ ಕೂತು ಹೋಗೋಕೆ ಸೀಟು ಸಿಕ್ಕರೆ. ಮಕ್ಕಳು ಎದ್ದಿರುವಾಗ ಮನೆ ಸೇರಬೇಕು ಅನ್ನುವವರಿಗೆ ಅಲ್ಲ. ಉತ್ತರ ನಿಮ್ಮದು, ಆದರೆ ಲೆಕ್ಕ ಹಾಕಿಯೇ ಉತ್ತರ ಕೊಡಿ.

ಇನ್ನೂ ಅನುಮಾನ ಇದ್ದರೆ, ಮನಸ್ಸಿಗೆ ಬಂದ ಊರಲ್ಲಿ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಮೇಲೆ ಬಾಡಿಗೆಗೆ ಇದ್ದು ನೋಡಿ. ಅಷ್ಟರಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ಕಳೆಯುತ್ತೆ. ಅದೂ ಆಗಲ್ಲ ಅಂದರೆ, ಒಂದು ಸೋಮವಾರ ರಜೆ ಹಾಕಿ, ಬೆಳಿಗ್ಗೆ ಆ ಮನೆಯ ಗೇಟಿನಿಂದ ಆಫೀಸಿನ ಗೇಟಿಗೆ ಗಡಿಯಾರ ನೋಡಿಕೊಂಡು ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮನೆಯಿಂದ ದುಡಿಯೋಕೆ ಹೋಗುವ ಪ್ರತಿಯೊಬ್ಬರೂ ಒಂದೊಂದು ಸಲ ಹೀಗೆ ಮಾಡಿದ ಮೇಲೆ ಟೋಕನ್ ಬಗ್ಗೆ ಮಾತಾಡಿ.